ನೀರಂಚಿನ ಹಳೆಯ ಊರಿಗೆ ಒಂದು ದಿನ: ಮನೆಮಂದಿಯ ಪ್ರವಾಸವನ್ನು ಯೋಜಿಸುವ ಬಗೆ

ಕಡಲ ದಂಡೆಯಲ್ಲೋ ನದಿಯ ತಿರುವಿನಲ್ಲೋ ಸರೋವರದ ಮಗ್ಗುಲಲ್ಲೋ ಇರುವ ಹಳೆಯ ಚಿಕ್ಕ ಊರು, ಮಕ್ಕಳಿಂದ ಹಿರಿಯರವರೆಗೆ ಎಲ್ಲರೂ ಸೇರಿ ಒಂದೇ ದಿನದಲ್ಲಿ ನೋಡಿ ಬರಲು ಹೇಳಿ ಮಾಡಿಸಿದಂಥ ಜಾಗ. ಕೋಟೆ, ಬಂದರು, ದೀಪಸ್ತಂಭ, ಹಳೆಯ ಗೋದಾಮುಗಳು, ಒಂದು ಪುಟ್ಟ ವಸ್ತುಸಂಗ್ರಹಾಲಯ, ಇವೆಲ್ಲವೂ ಸಾಮಾನ್ಯವಾಗಿ ಕಾಲ್ನಡಿಗೆಯ ಅಳತೆಯಲ್ಲೇ ಇರುತ್ತವೆ. ಹಾಗಿದ್ದೂ ಇಂಥ ಪ್ರವಾಸ ಎಷ್ಟೋ ಸಲ ಬಿಸಿಲು, ದಣಿವು, ಮುನಿಸುಗಳಲ್ಲಿ ಮುಗಿಯುತ್ತದೆ. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮೊದಲು ಮಾಡಿಕೊಂಡು, ಹೊತ್ತನ್ನು ಆಮೇಲೆ ಅದಕ್ಕೆ ಹೊಂದಿಸಲು ಹೊರಡುವುದೇ ಇದಕ್ಕೆ ಮುಖ್ಯ ಕಾರಣ. ನೀರಂಚಿನ ಊರಿನಲ್ಲಿ ಯಾವ ಹೊತ್ತಿಗೆ ಏನು ಮಾಡಬಹುದು ಎಂಬುದನ್ನು ನಿರ್ಧರಿಸುವುದು ನೀರು. ಆದ್ದರಿಂದ ಮೊದಲು ನೀರಿನ ವೇಳೆಯನ್ನು ತಿಳಿದುಕೊಳ್ಳಬೇಕು, ಬಳಿಕ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಶಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಸ್ಥಳಗಳ ಆಯ್ಕೆ ಅದರ ನಂತರದ ಮಾತು. ಮುಂದಿನ ವಿವರಗಳೆಲ್ಲ ಇದೇ ಕ್ರಮದಲ್ಲಿವೆ.

ಮೊದಲ ಹೆಜ್ಜೆ: ನೀರಿನ ವೇಳೆಯನ್ನು ತಿಳಿಯುವುದು

ಊರು ಸಮುದ್ರದ ಬದಿಯದಾಗಿದ್ದರೆ, ದಿನಾಂಕವನ್ನು ಗೊತ್ತುಮಾಡುವ ಮೊದಲೇ ಆ ಬಂದರಿನ ಉಬ್ಬರವಿಳಿತದ ಪಟ್ಟಿಯನ್ನು ನೋಡಬೇಕು. ಜಗತ್ತಿನ ಬಹುಪಾಲು ಕರಾವಳಿಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ ಬರುತ್ತವೆ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ಇಂದು ಬೆಳಿಗ್ಗೆ ಹತ್ತಕ್ಕೆ ಬಂದ ಉಬ್ಬರ ನಾಳೆ ಹತ್ತು ಗಂಟೆ ಐವತ್ತು ನಿಮಿಷದ ಹೊತ್ತಿಗೆ ಬರುತ್ತದೆ. ಕಳೆದ ವಾರ ಹೋಗಿ ಬಂದವರು ಹೇಳಿದ ವೇಳೆ ಈ ವಾರ ಕೆಲಸಕ್ಕೆ ಬಾರದಿರುವುದು ಈ ಕಾರಣದಿಂದಲೇ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡಿಕೊಳ್ಳುವುದರಿಂದ ನೀರು ಹೆಚ್ಚು ಮೇಲೇರುತ್ತದೆ, ಹೆಚ್ಚು ಕೆಳಗಿಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಈ ಏರಿಳಿತ ಕಡಿಮೆ. ಮೆಡಿಟರೇನಿಯನ್ ಮತ್ತು ಬಾಲ್ಟಿಕ್ ಸಮುದ್ರಗಳ ಬದಿಯ ಊರುಗಳಲ್ಲಿ ಉಬ್ಬರವಿಳಿತ ಬಹಳ ಸಣ್ಣದಾದ್ದರಿಂದ ಅಲ್ಲಿ ಈ ಚಿಂತೆ ಅಷ್ಟಾಗಿ ಬೇಡ. ಆದರೆ ಕೆನಡಾದ ಫಂಡಿ ಕೊಲ್ಲಿಯಲ್ಲಿ ಏರಿಳಿತ 16 ಮೀಟರ್‌ವರೆಗೂ ಹೋಗುತ್ತದೆ. ಅಲ್ಲಿ ಬೆಳಿಗ್ಗೆ ತೇಲುತ್ತಿದ್ದ ದೋಣಿ ಮಧ್ಯಾಹ್ನ ಕೆಸರಿನ ಮೇಲೆ ಕುಳಿತಿರುತ್ತದೆ.

ಇನ್ನೊಂದು ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಮಕ್ಕಳೊಂದಿಗೆ ದಂಡೆಯಲ್ಲಿ ಅಡ್ಡಾಡುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಳಿತದಿಂದ ಉಬ್ಬರಕ್ಕೆ ಹೋಗುವ ಆರು ಗಂಟೆಗಳಲ್ಲಿ ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಕೊನೆಯದರಲ್ಲಿ ಒಂದು ಪಾಲು ಏರುತ್ತದೆ ಎಂಬುದು ನಾವಿಕರು ಬಳಸುವ ಅಂದಾಜು. ಅಂದರೆ ನಡುವಿನ ಎರಡೇ ಗಂಟೆಗಳಲ್ಲಿ ಅರ್ಧದಷ್ಟು ನೀರು ಬಂದುಬಿಡುತ್ತದೆ. ಮೊದಲ ಗಂಟೆಯ ನಿಧಾನಗತಿಯನ್ನು ಕಂಡು ಇನ್ನೂ ಹೊತ್ತಿದೆ ಎಂದುಕೊಂಡವರು ಸಿಕ್ಕಿಬೀಳುವುದು ಆ ಎರಡು ಗಂಟೆಗಳಲ್ಲೇ.

ಇಂಗ್ಲೆಂಡಿನ ಈಶಾನ್ಯ ತೀರದ ಲಿಂಡಿಸ್ಫಾರ್ನ್ ಇದಕ್ಕೆ ತಕ್ಕ ಉದಾಹರಣೆ. ಏಳನೆಯ ಶತಮಾನದಲ್ಲಿ ಸಂತ ಏಡನ್ ಸ್ಥಾಪಿಸಿದ ಮಠ, 793ರಲ್ಲಿ ನಡೆದ ವೈಕಿಂಗರ ದಾಳಿ, ಬೆಟ್ಟದ ಮೇಲಿನ ಕೋಟೆ, ಹೀಗೆ ಪುಟ್ಟ ದ್ವೀಪದಲ್ಲಿ ಚರಿತ್ರೆ ಕಿಕ್ಕಿರಿದಿದೆ. ಆದರೆ ಮುಖ್ಯ ನೆಲದಿಂದ ಅಲ್ಲಿಗೆ ಹೋಗುವ ರಸ್ತೆ ದಿನಕ್ಕೆ ಎರಡು ಸಲ ಪೂರ್ತಿ ನೀರಿನಡಿ ಹೋಗುತ್ತದೆ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ದಾಟಬಹುದು ಎಂಬ ಪಟ್ಟಿಯನ್ನು ಸ್ಥಳೀಯ ಆಡಳಿತ ಮೊದಲೇ ಪ್ರಕಟಿಸುತ್ತದೆ. ಅದನ್ನು ಲಕ್ಷಿಸದೆ ಹೊರಟ ವಾಹನಗಳು ನಡುದಾರಿಯಲ್ಲಿ ಸಿಕ್ಕಿಕೊಂಡು, ಒಳಗಿದ್ದವರನ್ನು ರಕ್ಷಿಸಬೇಕಾಗಿ ಬರುವುದು ಪದೇ ಪದೇ ನಡೆಯುತ್ತದೆ. ಫ್ರಾನ್ಸಿನ ಮೊಂ ಸಾಂ ಮಿಶೆಲ್‌ಗೆ ಈಗ ಸೇತುವೆಯಿದೆ. ಆದರೂ ಅದರ ಸುತ್ತಲಿನ ಮರಳಹರವಿನಲ್ಲಿ ನಡೆಯಬೇಕೆನ್ನುವವರು ಮಾರ್ಗದರ್ಶಕರಿಲ್ಲದೆ ಇಳಿಯಬಾರದು. ಅಲ್ಲಿ ಉಬ್ಬರದ ನೀರು ಬೇಗ ಸುತ್ತುವರಿಯುವುದಲ್ಲದೆ, ಕಾಲು ಹೂತುಹೋಗುವ ಹುದುಲು ಮರಳೂ ಇದೆ.

ನದಿಯ ಬದಿಯ ಊರಿನಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಮೇಲ್ದಂಡೆಯಲ್ಲಿ ಅಣೆಕಟ್ಟು ಇದೆಯೇ, ಅದರಿಂದ ನೀರು ಬಿಡುವ ಸೂಚನೆ ಹೇಗೆ ಸಿಗುತ್ತದೆ? ಊರಿನಲ್ಲಿ ಒಂದು ಹನಿ ಮಳೆಯಿಲ್ಲದಿದ್ದರೂ ನದಿ ಅರ್ಧ ಗಂಟೆಯಲ್ಲಿ ಏರಬಹುದು. ನೀರಿನ ನಡುವಿನ ಬಂಡೆಗಳ ಮೇಲೆ ಮನೆಮಂದಿಯನ್ನು ಕೂರಿಸುವ ಮೊದಲು ಅಲ್ಲಿನವರನ್ನು ವಿಚಾರಿಸಲೇಬೇಕು. ಸರೋವರದಲ್ಲಿ ಉಬ್ಬರವೂ ಇಲ್ಲ, ಸೆಳವೂ ಕಡಿಮೆ. ಅಲ್ಲಿ ಲೆಕ್ಕಕ್ಕೆ ಬರುವುದು ಗಾಳಿ ಮತ್ತು ನೀರಿನ ತಂಪು.

ಎರಡನೆಯ ಹೆಜ್ಜೆ: ದೂರ, ದಿನ, ಜನಸಂದಣಿ

ಒಂದು ದಿನದ ಪ್ರವಾಸಕ್ಕೆ ಒಂದು ಕಡೆಯ ಪ್ರಯಾಣ ಎರಡು ಗಂಟೆಯೊಳಗಿದ್ದರೆ ಚೆನ್ನ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರು ಗಂಟೆಯಾಯಿತೆಂದರೆ ಚಿಕ್ಕ ಮಕ್ಕಳು ಊರನ್ನು ನೋಡುವ ಮೊದಲೇ ತಮ್ಮ ತಾಳ್ಮೆಯನ್ನು ವಾಹನದಲ್ಲಿ ಕಳೆದುಕೊಂಡಿರುತ್ತಾರೆ. ಅಷ್ಟು ದೂರದ ಊರಿಗೆ ಒಂದು ರಾತ್ರಿ ತಂಗುವ ಏರ್ಪಾಟು ಮಾಡಿಕೊಳ್ಳುವುದೇ ಸರಿ.

ಚಿಕ್ಕ ಊರುಗಳ ಓಣಿಗಳು ಕಿರಿದು, ಜನರನ್ನು ಹಿಡಿಸುವ ಶಕ್ತಿ ಕಡಿಮೆ. ಆಸ್ಟ್ರಿಯಾದ ಸರೋವರದ ಬದಿಯ ಹಾಲ್‌ಸ್ಟಾಟ್‌ನಲ್ಲಿ ವಾಸವಿರುವವರು ಸಾವಿರಕ್ಕಿಂತ ಕಡಿಮೆ. ಬೇಸಿಗೆಯ ಕೆಲವು ದಿನಗಳಲ್ಲಿ ಬರುವ ಪ್ರವಾಸಿಗರು ಅದರ ಹತ್ತು ಪಟ್ಟು. ಇಂಥಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ತಲುಪಿದವರು ಕಾಣುವ ಊರೇ ಬೇರೆ, ಹನ್ನೊಂದಕ್ಕೆ ತಲುಪಿದವರು ಕಾಣುವ ಊರೇ ಬೇರೆ. ದೊಡ್ಡ ಪ್ರವಾಸಿ ಹಡಗುಗಳು ಬಂದು ನಿಲ್ಲುವ ಬಂದರಾದರೆ, ಯಾವ ದಿನ ಯಾವ ಹಡಗು ಬರುತ್ತದೆ ಎಂಬ ಪಟ್ಟಿಯನ್ನು ಬಂದರಿನವರು ಸಾಮಾನ್ಯವಾಗಿ ಮೊದಲೇ ಪ್ರಕಟಿಸುತ್ತಾರೆ. ಹಡಗಿಲ್ಲದ ದಿನವನ್ನು ಆರಿಸಿಕೊಂಡರೆ ಅರ್ಧ ಕಷ್ಟ ತಪ್ಪಿದಂತೆ. ವಸ್ತುಸಂಗ್ರಹಾಲಯದ ವಾರದ ರಜೆ ಯಾವ ದಿನ ಎಂಬುದನ್ನೂ ನೋಡಿಕೊಳ್ಳಿ. ಅನೇಕ ದೇಶಗಳಲ್ಲಿ ಅದು ಸೋಮವಾರ.

ಕೊನೆಯ ಹಂತದ ಪ್ರಯಾಣವನ್ನು ಮರೆಯಬಾರದು. ಹಾಲ್‌ಸ್ಟಾಟ್‌ನ ರೈಲು ನಿಲ್ದಾಣ ಸರೋವರದ ಆಚೆ ದಡದಲ್ಲಿದೆ, ಅಲ್ಲಿಂದ ಊರಿಗೆ ದೋಣಿಯಲ್ಲಿ ದಾಟಬೇಕು. ಇಂಥ ಕಡೆ ರೈಲಿನ ವೇಳೆಗಿಂತ ದೋಣಿಯ ವೇಳೆಯೇ ಮುಖ್ಯವಾಗುತ್ತದೆ. ಸ್ವಂತ ವಾಹನದಲ್ಲಿ ಹೋಗುವವರು ಹಳೆಯ ಊರಿನೊಳಗೆ ವಾಹನ ನುಗ್ಗಿಸುವ ಯೋಚನೆಯನ್ನು ಬಿಟ್ಟು, ಹೊರವಲಯದಲ್ಲೇ ನಿಲ್ಲಿಸಿ ನಡೆಯುವುದು ಉತ್ತಮ. ಉಬ್ಬರವಿರುವ ಊರಿನಲ್ಲಿ ದಂಡೆಯ ತಗ್ಗಿನಲ್ಲಿ ವಾಹನ ನಿಲ್ಲಿಸುವ ಮೊದಲು ನೆಲದ ಮೇಲೆ ಕಡಲಪಾಚಿಯ ಗೆರೆ ಕಾಣುತ್ತದೆಯೇ ಎಂದು ನೋಡಬೇಕು. ಆ ಗೆರೆಯವರೆಗೆ ನೀರು ಬರುತ್ತದೆ ಎಂದೇ ಅರ್ಥ.

ಮೂರನೆಯ ಹೆಜ್ಜೆ: ದಿನವನ್ನು ಜೋಡಿಸುವುದು

ಒಂದು ದಿನಕ್ಕೆ ಮೂರು ಸಂಗತಿಗಳು ಸಾಕು: ನೀರಿನ ಮೇಲೆ ಒಂದು, ಚರಿತ್ರೆಯದು ಒಂದು, ಏನೂ ಮಾಡದೆ ದಂಡೆಯಲ್ಲಿ ಕೂರುವುದು ಒಂದು. ಮೂರನೆಯದನ್ನು ಬಹಳ ಮಂದಿ ಕೈಬಿಡುತ್ತಾರೆ. ಆದರೆ ದೋಣಿಗಳು ಬರುವುದನ್ನು, ಹಗ್ಗ ಎಸೆದು ಕಟ್ಟುವುದನ್ನು, ಸರಕು ಇಳಿಸುವುದನ್ನು ಮಕ್ಕಳು ಗಂಟೆಗಟ್ಟಲೆ ನೋಡುತ್ತ ಕೂರಬಲ್ಲರು, ಮನೆಯ ಹಿರಿಯರಿಗೂ ಅದೇ ಹೊತ್ತು ವಿಶ್ರಾಂತಿಯಾಗುತ್ತದೆ.

ಈ ಮೂರನ್ನೂ ಯಾವ ಕ್ರಮದಲ್ಲಿ ಇಡಬೇಕೆಂಬುದಕ್ಕೆ ಗಾಳಿಯೇ ಉತ್ತರ ಕೊಡುತ್ತದೆ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಬಿಸಿಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ನೀರಿನ ಕಡೆಯಿಂದ ತಂಪುಗಾಳಿ ನುಗ್ಗುತ್ತದೆ. ಈ ಕಡಲಗಾಳಿ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಬಲವಾಗಿರುತ್ತದೆ, ಅಲೆಗಳೂ ಆಗ ಒರಟಾಗುತ್ತವೆ. ಆದ್ದರಿಂದ ನೀರು ಶಾಂತವಾಗಿರುವ ಬೆಳಗಿನ ಹೊತ್ತಿನಲ್ಲೇ ದೋಣಿಯ ಸುತ್ತಾಟ ಮುಗಿಸಿ, ಬಿಸಿಲು ನೆತ್ತಿಗೇರುವಾಗ ಸೂರಿರುವ ವಸ್ತುಸಂಗ್ರಹಾಲಯವನ್ನೋ ಹಳೆಯ ಮನೆಯನ್ನೋ ಸೇರಿಕೊಂಡು, ಊಟ ಮತ್ತು ವಿಶ್ರಾಂತಿಯ ನಂತರ ಇಳಿಹೊತ್ತಿನಲ್ಲಿ ಕೋಟೆಯ ಗೋಡೆಯ ಮೇಲೋ ದಂಡೆಯ ಉದ್ದಕ್ಕೋ ನಡೆಯುವುದು ಹೆಚ್ಚಿನ ಊರುಗಳಿಗೆ ಹೊಂದುತ್ತದೆ. ಉಬ್ಬರದ ವೇಳೆ ಇದಕ್ಕೆ ಅಡ್ಡ ಬಂದರೆ ಉಬ್ಬರಕ್ಕೇ ಮೊದಲ ಮನ್ನಣೆ ಕೊಟ್ಟು ಉಳಿದದ್ದನ್ನು ಹಿಂದುಮುಂದು ಮಾಡಿಕೊಳ್ಳಬೇಕು.

ಹಿರಿಯರು ಜೊತೆಗಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಅನೇಕ ಬಂದರುಗಳಲ್ಲಿ ದೋಣಿ ಹತ್ತುವ ತೇಲುಕಟ್ಟೆ ನೀರಿನೊಂದಿಗೆ ಏರಿಳಿಯುತ್ತದೆ. ದಂಡೆಯಿಂದ ಅದಕ್ಕೆ ಇಳಿಯುವ ಹಲಗೆಯ ಸೇತುವೆ ಉಬ್ಬರದ ಹೊತ್ತಿನಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿದ್ದು, ಇಳಿತದ ಹೊತ್ತಿನಲ್ಲಿ ಕಡಿದಾದ ಇಳಿಜಾರಾಗುತ್ತದೆ. ಮೊಣಕಾಲು ನೋವಿರುವ ಅಜ್ಜಿಗೆ, ಗಾಲಿಕುರ್ಚಿಯಲ್ಲಿರುವ ತಾತನಿಗೆ, ಮಗುವಿನ ತಳ್ಳುಗಾಡಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹತ್ತುವುದು ಇಳಿಯುವುದು ಎರಡೂ ಉಬ್ಬರದ ಸಮೀಪದಲ್ಲಿ ಬೀಳುವಂಥ ದೋಣಿಯನ್ನು ಆರಿಸಿಕೊಂಡರೆ ಅವರೂ ನಿರಾತಂಕವಾಗಿ ಬರಬಹುದು. ಕಲ್ಲುಹಾಸಿನ ಓಣಿಗಳಲ್ಲಿ ಸಣ್ಣ ಗಾಲಿಗಳ ತಳ್ಳುಗಾಡಿ ಸಾಗುವುದು ಕಷ್ಟ. ಎಳೆಯ ಮಗುವನ್ನು ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವ ಚೀಲವೇ ಅನುಕೂಲ.

ನಾಲ್ಕನೆಯ ಹೆಜ್ಜೆ: ಜೊತೆಗೆ ಒಯ್ಯುವುದು

ಹೆಚ್ಚು ಹೊರೆ ಬೇಡ. ಒದ್ದೆ ಕಲ್ಲಿನ ಮೇಲೆ ಜಾರದ ಪಾದರಕ್ಷೆ, ಮಕ್ಕಳಿಗೆ ಒಂದೊಂದು ಜೊತೆ ಒಣ ಬಟ್ಟೆ, ಗಾಳಿಗೆ ಹಾರದಂತೆ ಕಟ್ಟಿಕೊಳ್ಳಬಹುದಾದ ಟೋಪಿ, ಬೇಕಾದಷ್ಟು ಕುಡಿಯುವ ನೀರು, ನೀರು ಒಳಗಿಳಿಯದ ಚೀಲದಲ್ಲಿ ಮೊಬೈಲ್ ಮತ್ತು ಪವರ್ ಬ್ಯಾಂಕ್ ಇದ್ದರೆ ಸಾಕು. ನೀರಿನ ಮೇಲ್ಮೈ ಬಿಸಿಲನ್ನು ಪ್ರತಿಫಲಿಸುವುದರಿಂದಲೂ, ತಂಪುಗಾಳಿಗೆ ಚರ್ಮ ಸುಡುವುದು ಗೊತ್ತಾಗದಿರುವುದರಿಂದಲೂ ಮೋಡವಿರುವ ದಿನವೂ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬೇಕು. ದೋಣಿಯಲ್ಲಿ ವಾಂತಿಯಾಗುವವರು ವೈದ್ಯರು ಹೇಳಿದ ಮಾತ್ರೆಯನ್ನು ಹತ್ತುವ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಂಥವರು ದೋಣಿಯ ನಡುಭಾಗದಲ್ಲಿ ಕುಳಿತು ದಿಗಂತದತ್ತ ದೃಷ್ಟಿಯಿಟ್ಟರೆ ಎಷ್ಟೋ ಸಮಾಧಾನವಾಗುತ್ತದೆ. ಚಿಕ್ಕ ಮಕ್ಕಳ ಮಣಿಕಟ್ಟಿನ ಮೇಲೆ ಅಳಿಯದ ಶಾಯಿಯಲ್ಲಿ ಮನೆಯವರ ಫೋನ್ ಸಂಖ್ಯೆ ಬರೆದಿರಲಿ.

ಐದನೆಯ ಹೆಜ್ಜೆ: ಊರನ್ನು ನೀರಿನ ಕಡೆಯಿಂದ ಓದುವುದು

ತಲುಪಿದ ಕೂಡಲೇ ಟಿಕೆಟ್ಟಿನ ಸಾಲಿಗೆ ಓಡದೆ, ಎಲ್ಲರೂ ದಂಡೆಗೆ ಹೋಗಿ ನೀರಿಗೆ ಬೆನ್ನು ಮಾಡಿ ಊರಿನತ್ತ ಒಮ್ಮೆ ನೋಡಿ. ಇಂಥ ಊರಿಗೆ ಮುಖ ಇರುವುದು ನೀರಿನ ಕಡೆಗೆ. ರಸ್ತೆಯಿಂದ ಒಳಬಂದವರು ಅದರ ಹಿತ್ತಲಿನಿಂದ ಪ್ರವೇಶಿಸಿರುತ್ತಾರೆ. ಊರು ಇಲ್ಲಿಯೇ ಏಕೆ ಹುಟ್ಟಿತು ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಿ. ಗಾಳಿಗೆ ಮರೆಯಾದ ಕೊಲ್ಲಿಯೋ, ಎರಡು ನದಿಗಳು ಕೂಡುವ ಜಾಗವೋ, ದಾಟಲು ಅನುಕೂಲವಾದ ಕಿರಿದಾದ ಪಾತ್ರವೋ, ಶತ್ರು ಹಡಗುಗಳನ್ನು ದೂರದಿಂದಲೇ ಕಾಣಬಹುದಾದ ಎತ್ತರದ ಮೂಲೆಯೋ, ಏನಾದರೊಂದು ಕಾರಣ ಕಣ್ಣೆದುರೇ ಇರುತ್ತದೆ.

ಆಮೇಲೆ ಕಟ್ಟಡಗಳತ್ತ ತಿರುಗಿ. ನೆದರ್ಲೆಂಡ್ಸಿನ ಕಾಲುವೆ ಬದಿಯ ಊರುಗಳಲ್ಲಿ ಮನೆಗಳ ನೆತ್ತಿಯಿಂದ ಒಂದು ತೊಲೆ ಹೊರಚಾಚಿ, ಅದರ ತುದಿಯಲ್ಲಿ ಕೊಕ್ಕೆ ಇರುವುದು ಕಾಣುತ್ತದೆ. ದೋಣಿಯಿಂದ ಇಳಿದ ಸರಕನ್ನು ಹಗ್ಗಕ್ಕೆ ಕಟ್ಟಿ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದುದು ಅದರಿಂದ. ಅನೇಕ ಮನೆಗಳ ಮುಂಗೋಡೆ ಸ್ವಲ್ಪ ಮುಂದಕ್ಕೆ ಬಾಗಿರುವುದೂ ಮೇಲೇರುವ ಸರಕು ಗೋಡೆಗೆ ತಾಗದಿರಲೆಂದು. ಅಮೆರಿಕದ ಸವಾನಾದಲ್ಲಿ ನದಿಯ ಬದಿಯ ಬೀದಿಗೆ ಹಾಸಿರುವ ಕಲ್ಲುಗಳು, ಖಾಲಿ ಹಡಗು ಅಲುಗಾಡದಿರಲೆಂದು ತಳಭಾರವಾಗಿ ಹೇರಿ ತಂದು ಇಲ್ಲಿ ಇಳಿಸಿ ಹೋದಂಥವು. ಹಳೆಯ ದಕ್ಕೆಗಳಲ್ಲಿ ಹಗ್ಗ ಕಟ್ಟುವ ಗೂಟಗಳನ್ನು ಹತ್ತಿರದಿಂದ ನೋಡಿ, ಕೆಲವು ಕಡೆ ಅವು ತಲೆಕೆಳಗಾಗಿ ನೆಟ್ಟ ಹಳೆಯ ಫಿರಂಗಿಗಳೇ ಆಗಿರುತ್ತವೆ. ಕೆನಡಾದ ಲುನೆನ್‌ಬರ್ಗ್‌ನಲ್ಲಿ 1753ರಲ್ಲಿ ಬ್ರಿಟಿಷರು ಹಾಳೆಯ ಮೇಲೆ ಗೆರೆ ಎಳೆದಂತೆ ಬೀದಿಗಳನ್ನು ಹಾಕಿದ್ದು ಹಾಗೆಯೇ ಉಳಿದಿದೆ. ಆ ನೇರ ಗೆರೆಗಳು ಗುಡ್ಡದ ಇಳಿಜಾರನ್ನು ಲಕ್ಷಿಸದೆ ಬಂದರಿಗೆ ಇಳಿಯುವುದರಿಂದ ಬೀದಿಗಳು ಬಹಳ ಕಡಿದು. ಹಿರಿಯರೊಂದಿಗೆ ಹೋಗುವವರು ಮೇಲಿನಿಂದ ಆರಂಭಿಸಿ ಕೆಳಗೆ ನಡೆಯುವುದು ಲೇಸು.

ನದಿಯ ಬದಿಯ ಊರಿನಲ್ಲಿ ಪ್ರವಾಹದ ಗುರುತುಗಳನ್ನು ಹುಡುಕಿ. ಡ್ಯಾನ್ಯೂಬ್, ಇನ್, ಇಲ್ಝ್ ಎಂಬ ಮೂರು ನದಿಗಳು ಕೂಡುವ ಜರ್ಮನಿಯ ಪಾಸೌದಲ್ಲಿ ಹಳೆಯ ಪುರಭವನದ ಗೋಡೆಯ ಮೇಲೆ ಶತಮಾನಗಳ ಪ್ರವಾಹಗಳ ಎತ್ತರವನ್ನು ಇಸವಿಯೊಂದಿಗೆ ಬರೆದಿದ್ದಾರೆ. 2013ರ ಜೂನ್‌ನಲ್ಲಿ ಅಲ್ಲಿ ಡ್ಯಾನ್ಯೂಬ್ 12.89 ಮೀಟರ್ ತಲುಪಿತು. 1501ರ ಮಹಾಪ್ರವಾಹದ ನಂತರ ಅಷ್ಟು ಎತ್ತರಕ್ಕೆ ನೀರು ಬಂದಿರಲಿಲ್ಲ. ಮಗುವನ್ನು ಆ ಗುರುತುಗಳ ಕೆಳಗೆ ನಿಲ್ಲಿಸಿ ಮೇಲೆ ನೋಡುವಂತೆ ಹೇಳಿದರೆ, ಪುಸ್ತಕದ ಹತ್ತು ಪುಟ ಹೇಳಲಾರದ್ದನ್ನು ಆ ಗೋಡೆ ಹೇಳುತ್ತದೆ.

ಶ್ರೀಲಂಕಾದ ಗಾಲೆ ಕೋಟೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನೀರಿಗೂ ಊರಿಗೂ ಇರುವ ಸಂಬಂಧ ಅಲ್ಲಿ ಬರಿಗಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಆರಂಭಿಸಿದ ಕೋಟೆಯನ್ನು ಡಚ್ಚರು ಹದಿನೇಳನೆಯ ಶತಮಾನದಲ್ಲಿ ವಿಸ್ತರಿಸಿ ಭದ್ರಪಡಿಸಿದರು. 1988ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಉಬ್ಬರದ ನೀರೇ ತೊಳೆದುಕೊಂಡು ಹೋಗುವಂತೆ ಡಚ್ಚರು ಊರಿನ ಚರಂಡಿಗಳನ್ನು ನೆಲದಡಿಯಲ್ಲಿ ಕಟ್ಟಿದ್ದರು. 2004ರ ಸುನಾಮಿ ಹೊರಗಿನ ಹೊಸ ಊರನ್ನು ನೆಲಸಮ ಮಾಡಿದಾಗ ಕೋಟೆಯ ಗೋಡೆಗಳು ಒಳಗಿನ ಹಳೆಯ ಊರನ್ನು ಬಹುಮಟ್ಟಿಗೆ ಕಾಪಾಡಿದವು. ಬುರುಜುಗಳ ಮೇಲೆ ಸಂಜೆ ನಡೆಯುವಾಗ ಈ ಎರಡು ಸಂಗತಿಗಳನ್ನು ತಿಳಿದಿದ್ದರೆ ಗೋಡೆಯ ದಪ್ಪ ಬರೀ ದಪ್ಪವಾಗಿ ಕಾಣುವುದಿಲ್ಲ.

ಇಷ್ಟು ಹಳೆಯ ಊರುಗಳು ಹೇಗೆ ಉಳಿದವು ಎಂದು ದೊಡ್ಡ ಮಕ್ಕಳು ಕೇಳಿಯೇ ಕೇಳುತ್ತಾರೆ. ಅನೇಕ ಕಡೆ ಉತ್ತರ ಒಂದೇ: ವ್ಯಾಪಾರ ಅಲ್ಲಿಂದ ಹೊರಟುಹೋಯಿತು. ವಿಯೆಟ್ನಾಮಿನ ಹೊಯ್ ಆನ್ ಒಂದು ಕಾಲಕ್ಕೆ ಜಪಾನಿ ಮತ್ತು ಚೀನೀ ವರ್ತಕರು ಬೀಡುಬಿಟ್ಟಿದ್ದ ದೊಡ್ಡ ಬಂದರು. ನದಿಯಲ್ಲಿ ಹೂಳು ತುಂಬಿ, ದೊಡ್ಡ ಹಡಗುಗಳು ಡಾ ನಾಂಗ್‌ನತ್ತ ಹೋದ ಮೇಲೆ ಅಲ್ಲಿ ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುವ ಒತ್ತಡವೇ ಬರಲಿಲ್ಲ. ಇಂಗ್ಲೆಂಡಿನ ರೈ ಎಂಬ ಊರು ಹಿಂದೆ ಹೆಚ್ಚುಕಡಿಮೆ ಸಮುದ್ರದಿಂದ ಸುತ್ತುವರಿದಿತ್ತು, ಇಂದು ಸಮುದ್ರ ಅಲ್ಲಿಂದ ಸುಮಾರು 3 ಕಿಲೋಮೀಟರ್ ದೂರ ಸರಿದಿದೆ. ಇಂಥ ಊರಿನಲ್ಲಿ ಹಳೆಯ ದಂಡೆ ಎಲ್ಲಿತ್ತೆಂದು ಹುಡುಕುವುದೇ ಅರ್ಧ ದಿನದ ಸಂತೋಷದ ಕೆಲಸ.

ಆರನೆಯ ಹೆಜ್ಜೆ: ಅಂಚಿನ ಎಚ್ಚರ

ಹಳೆಯ ದಕ್ಕೆಗಳಿಗೆ ಕಂಬಿಬೇಲಿ ಇರುವುದಿಲ್ಲ, ಏಕೆಂದರೆ ಅವು ಸರಕು ಇಳಿಸಲು ಕಟ್ಟಿದ ಜಾಗಗಳು. ಆದ್ದರಿಂದ ಅಂಚಿನ ಹತ್ತಿರ ಚಿಕ್ಕ ಮಕ್ಕಳು ಕೈ ಚಾಚಿದರೆ ಸಿಗುವಷ್ಟು ಸಮೀಪದಲ್ಲಿರಬೇಕು, ಮತ್ತು ಯಾವ ಮಗುವಿನ ಮೇಲೆ ಯಾರ ಕಣ್ಣು ಎಂಬುದು ಹೆಸರು ಹಿಡಿದು ನಿಶ್ಚಯವಾಗಿರಬೇಕು. ಎಲ್ಲರೂ ನೋಡುತ್ತಿದ್ದಾರೆ ಎಂದುಕೊಂಡಾಗ ಯಾರೂ ನೋಡುತ್ತಿರುವುದಿಲ್ಲ. ಮುಳುಗುತ್ತಿರುವವರು ಕೂಗಿ ಕರೆಯುತ್ತಾರೆಂದು ನಂಬಿ ಕೂರಬಾರದು. ಉಸಿರಿಗಾಗಿ ಒದ್ದಾಡುವ ಬಾಯಿಗೆ ಕೂಗಲು ಬಿಡುವಿರುವುದಿಲ್ಲ, ಹೆಚ್ಚಿನ ಸಲ ಅದು ಸದ್ದಿಲ್ಲದೆ ನಡೆದುಹೋಗುತ್ತದೆ. ಯಾರಾದರೂ ಬಿದ್ದರೆ ಹಿಂದೆಯೇ ಹಾರದೆ, ಮಲಗಿ ಕೋಲನ್ನೋ ಬಟ್ಟೆಯನ್ನೋ ಚಾಚಬೇಕು, ದಕ್ಕೆಯಲ್ಲಿ ತೂಗುಹಾಕಿರುವ ತೇಲುಬಳೆಯನ್ನು ಎಸೆಯಬೇಕು, ಮತ್ತೊಬ್ಬರು ಆ ದೇಶದ ತುರ್ತುಸಂಖ್ಯೆಗೆ ಕರೆ ಮಾಡಬೇಕು. ಆ ಸಂಖ್ಯೆಯನ್ನು ಮನೆಯಲ್ಲೇ ಬರೆದುಕೊಂಡು ಹೊರಡಬೇಕು.

ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳಲ್ಲಿ ಕೆಳಗಿನವು ಹಸಿರಾಗಿಯೋ ಕಪ್ಪಾಗಿಯೋ ಕಂಡರೆ ಅಲ್ಲಿಂದ ಮುಂದೆ ಪಾಚಿ, ಕಾಲಿಡಬಾರದು. ನೆಲದ ಮೇಲೆ ಸುರುಳಿಯಾಗಿ ಬಿದ್ದ ಹಗ್ಗದೊಳಗೆ ನಿಲ್ಲಬಾರದು, ದೋಣಿ ಚಲಿಸಿದರೆ ಅದು ಕ್ಷಣಾರ್ಧದಲ್ಲಿ ಬಿಗಿಯುತ್ತದೆ. ದೋಣಿಗೂ ದಕ್ಕೆಗೂ ನಡುವಿನ ಸಂದಿನಲ್ಲಿ ಕೈಕಾಲು ಹಾಕದಂತೆ ಮಕ್ಕಳಿಗೆ ಮೊದಲೇ ಹೇಳಿರಬೇಕು.

ದೋಣಿ ಹತ್ತುವ ಮೊದಲು ಮಕ್ಕಳ ತೂಕಕ್ಕೆ ಹೊಂದುವ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿ. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ನೀರಿನಲ್ಲಿ ಅದು ಮೇಲಕ್ಕೆ ಜಾರಿ ಕಳಚಿಕೊಳ್ಳುತ್ತದೆ. ಪಟ್ಟಿಗಳನ್ನು ಬಿಗಿದ ಮೇಲೆ ಜಾಕೆಟ್ಟಿನ ಹೆಗಲನ್ನು ಹಿಡಿದು ಮೇಲೆತ್ತಿ ನೋಡಿ, ಅದು ಗಲ್ಲದವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ. ಗಾಳಿ ತುಂಬುವ ತೋಳುಪಟ್ಟಿಗಳು ಆಟಿಕೆಗಳು, ಅವನ್ನು ರಕ್ಷಣೆಗೆ ನೆಚ್ಚಬಾರದು. ಜಾಕೆಟ್ ಇಲ್ಲದ, ಅಥವಾ ಮಿತಿಮೀರಿ ಜನ ತುಂಬಿದ ದೋಣಿಯನ್ನು ಟಿಕೆಟ್ ಪಡೆದಿದ್ದರೂ ಬಿಟ್ಟುಬಿಡಿ.

ಏಳನೆಯ ಹೆಜ್ಜೆ: ಹೊರಡುವುದು

ಮರಳುವ ಹೊತ್ತನ್ನು ಬೆಳಿಗ್ಗೆಯೇ ಎಲ್ಲರಿಗೂ ತಿಳಿಸಿ. ಕೊನೆಯ ದೋಣಿ, ಕೊನೆಯ ಬಸ್ಸು ಅಥವಾ ರಸ್ತೆ ಮುಳುಗುವ ಹೊತ್ತು ಯಾವುದಿದೆಯೋ ಅದನ್ನು ತುರ್ತಿಗೆಂದು ಮೀಸಲಿಟ್ಟು, ಅದರ ಹಿಂದಿನದಕ್ಕೇ ಹೊರಡುವ ಲೆಕ್ಕ ಇಟ್ಟುಕೊಳ್ಳಬೇಕು. ಗಾಳಿ ಜೋರಾದರೆ ಕೊನೆಯ ದೋಣಿ ರದ್ದಾಗುವುದೂ ಉಂಟು. ಮುಳುಗುವ ರಸ್ತೆಯಾದರೆ ಪಟ್ಟಿಯಲ್ಲಿ ಹೇಳಿದ ಕೊನೆಯ ವೇಳೆಗೆ ಕನಿಷ್ಠ ಒಂದು ಗಂಟೆ ಮೊದಲು ದಾಟಿರಬೇಕು. ಗಾಳಿಮಳೆಯ ದಿನಗಳಲ್ಲಿ ನೀರು ಪಟ್ಟಿಯ ವೇಳೆಗಿಂತ ಮೊದಲೇ ಬರಬಲ್ಲದು.

ದೀಪಸ್ತಂಭವಿರುವ ಊರಿನಲ್ಲಿ ಕತ್ತಲಾಗುವವರೆಗೆ ಉಳಿಯಲು ಸಾಧ್ಯವಿದ್ದರೆ ಅದರ ಬೆಳಕನ್ನು ನೋಡಿಯೇ ಹೊರಡಿ. ಪ್ರತಿ ದೀಪಸ್ತಂಭಕ್ಕೂ ಮಿನುಗಿನ ತನ್ನದೇ ಲಯವಿದ್ದು, ನಾವಿಕರು ಆ ಲಯದಿಂದಲೇ ತಾವಿರುವ ತೀರವನ್ನು ಗುರುತಿಸುತ್ತಾರೆ. ಎರಡು ಮಿನುಗುಗಳ ನಡುವೆ ಎಷ್ಟು ಸೆಕೆಂಡು ಎಂದು ಎಣಿಸಿ ಬರೆದುಕೊಳ್ಳುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು. ವಾಹನ ನಡೆಸುವವರು ಮಾತ್ರ ಆ ಹೊತ್ತಿನಲ್ಲಿ ಕಣ್ಣುಮುಚ್ಚಿ ಇಪ್ಪತ್ತು ನಿಮಿಷ ವಿಶ್ರಮಿಸಲಿ. ಇಡೀ ದಿನದ ಬಿಸಿಲು, ಗಾಳಿಗಳ ನಂತರ ನಿದ್ದೆ ಬೇಗ ಒತ್ತರಿಸುತ್ತದೆ, ಹಿಂದಿನ ಸೀಟಿನಲ್ಲಿ ಎಲ್ಲರೂ ಮಲಗಿರುವಾಗ ಅವರನ್ನು ಎಚ್ಚರವಾಗಿಡಲು ಪಕ್ಕದ ಸೀಟಿನಲ್ಲಿ ಒಬ್ಬರಾದರೂ ಮಾತಾಡುತ್ತ ಕುಳಿತಿರಬೇಕು.